ಪಂದ್ಯಕ್ಕೆ ಸಾಕಿದ ಹಕ್ಕಿಗಳು

ಜನವರಿ 9, ಶನಿವಾರ

...ಬಾಲ ಕಿತ್ತ ಹಕ್ಕಿಗೆ ತಾನೆಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯುವುದಿಲ್ಲ ಎಂದನೋ, ತಾನೆಲ್ಲಿಂದ ಬಂದೆನೆಂಬುದು ಮರೆತುಹೋಗುತ್ತದೆ ಎಂದನೋ. ಎರಡರಲ್ಲಿ ಒಂದು. ಗಾಸ್ಪಾರ್ ಮಾತಾಡುವಾಗ ನಾನು ಅವನ ಕೈಗವಸುಗಳನ್ನೇ ನೋಡುತ್ತಿದ್ದೆ. ಹಕ್ಕಿ ಎಸೆಯುವ ಕೈಗಳೆಂದು ವರ್ಷವಿಡೀ ಅವನ್ನು ಗವಸಿನಲ್ಲಿಟ್ಟಿರುತ್ತಾನೆ. ಬಂದೂಕಿನ ಮುಂದೆ ನಿಂತು, ಪಾರಿವಾಳದ ಬಾಲದಿಂದ ನಾಲ್ಕು ಗರಿ ಕಿತ್ತು, ಚೆಂಡಿನಂತೆ ತಿರುಗಿಸಿ ಎಸೆದು, ತಕ್ಷಣ ನೆಲಕ್ಕೆ ಬಿದ್ದುಕೊಳ್ಳುವುದು ಅವನ ಕೆಲಸ. ಬಾಲ ಹೋದ ಹಕ್ಕಿ ಅಂಕುಡೊಂಕಾಗಿ ಹಾರುತ್ತದೆ. ಅದನ್ನು ಹೊಡೆಯುವುದು ನಮ್ಮೂರಿನ ಹೆಮ್ಮೆ. ನದಿಯಾಚೆಯ ಊರಿನದೂ ಅದೇ.

ನಮ್ಮ ಪಾರಿವಾಳ ಪಂದ್ಯದ ಸಂಘದ ಸಭೆಯಲ್ಲಿ ಹೋದ ವರ್ಷದ ಅವಮಾನದ ಮಾತು ಬಂತು. ಪಂದ್ಯದ ಬೆಳಿಗ್ಗೆ ವ್ಯಾನಿನಲ್ಲಿ ಬಂದಿಳಿದ ಹಕ್ಕಿಗಳು ದಣಿದಿದ್ದವು. ಎಸೆದರೆ ಇಳಿದು ನಡೆಯತೊಡಗಿದವು. ಕೂತ ಹಕ್ಕಿಗೆ ಹೊಡೆಯುವಂತಿಲ್ಲ. 'ನಿಮ್ಮ ಹಕ್ಕಿಗೆ ಬೂಟು ಹೊಲಿಸಿ' ಎಂದು ಆಚೆಯವರು ಇವತ್ತಿಗೂ ಹೇಳುತ್ತಾರೆ. ಅಧ್ಯಕ್ಷ ಬೆರ್ನಾತ್‌ನ ಉಪಾಯ ಇದು: ಹಕ್ಕಿಗಳನ್ನು ಈಗಲೇ ಕೊಂಡು, ಮಾರ್ಚ್ ಕೊನೆಯವರೆಗೆ ತಿನ್ನಿಸಿ, ದಣಿವಾರಿಸಿ ಇಡುವುದು.

"ಎಲ್ಲಿ ಇಡೋದು?" ಎಂದು ಗಾಸ್ಪಾರ್ ಕೇಳಿದ.

"ಭಾವನ ಮನೇಲಿ ಮಾಳಿಗೆ ಇದೆಯಲ್ಲ," ಎಂದ ಬೆರ್ನಾತ್. ಅವನು ನನ್ನ ಹೆಂಡತಿಯ ತಮ್ಮ. ಕಿತ್ತಳೆ ವ್ಯಾಪಾರಿ. ಯಾರ ಮನೆಯಲ್ಲಿ ಎಷ್ಟು ಜಾಗ ಖಾಲಿಯಿದೆಯೆಂಬುದು ಅವನಿಗೆ ಕಂಡ ಕೂಡಲೇ ಹೊಳೆಯುತ್ತದೆ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೂಂ ಎಂದೆ. ನಾನು ಬಂದೂಕು ಹಿಡಿಯುವವನಲ್ಲ, ಕನ್ನಡಕದ ಅಂಗಡಿಯವನು. ನನ್ನನ್ನು ಕಾರ್ಯದರ್ಶಿ ಮಾಡಿರುವುದು ಯಾರ ಕಣ್ಣು ಎಷ್ಟು ಕಾಣುತ್ತದೆಂದು ನನಗೆ ಗೊತ್ತು, ಹೇಳುವುದಿಲ್ಲ ಎಂಬ ನಂಬಿಕೆಯಿಂದ. ಬೆರ್ನಾತ್‌ನ ಬಲಗಣ್ಣಿನಲ್ಲಿ ಪೊರೆ ಬೆಳೆಯುತ್ತಿರುವುದು ಇಬ್ಬರಿಗೆ ಮಾತ್ರ ಗೊತ್ತು. ಅವನಿಗೆ ಅರ್ಧ.

ಜನವರಿ 10, ಭಾನುವಾರ

ಹೆಂಡತಿ ರೊಸೆರ್‌ಗೆ ಹೇಳಿದೆ. ಅವಳು ಮಾಳಿಗೆಯಲ್ಲಿ ಹಬ್ಬದ ಲಂಗಗಳಿಗೆ ಜರಿ ಕೂರಿಸುತ್ತಿದ್ದಳು. ನಾನು ಮೆಟ್ಟಿಲ ಮಧ್ಯದಿಂದಲೇ ಮಾತಾಡಿದೆ. ಬಾಯಿತುಂಬ ಗುಂಡುಸೂಜಿಯಿದ್ದುದರಿಂದ ಅವಳ ಉತ್ತರ ತಡವಾಯಿತು. ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಯಾವ ಮಾಳಿಗೆ?"

"ನಮ್ಮ ಮಾಳಿಗೆ."

"ಹಕ್ಕಿ ಯಾವತ್ತು ಬರ್ತವೆ?"

"ಗುರುವಾರ."

"ಸರಿ. ನಾನು ಬುಧವಾರ ಹೋಗ್ತೀನಿ."

ಕಸ್ತೆಲ್ಯೊ ಪಟ್ಟಣದಲ್ಲಿರುವ ತಂಗಿ ಲಿಯೊಕಾದಿಯಾ ಮನೆಗೆ. ಜಗಳವಾಗಲಿಲ್ಲ. "ಮಾಳಿಗೆ ಖಾಲಿಯಾದ ದಿನ ಫೋನ್ ಮಾಡಿ. ಅದಕ್ಕೆ ಮುಂಚೆ ಮಾಡಬೇಡಿ," ಎಂದು ಮತ್ತೆ ಸೂಜಿಗಳನ್ನು ಬಾಯಿಗಿಟ್ಟುಕೊಂಡಳು. ಷರತ್ತು ಸ್ಪಷ್ಟವಾಗಿದೆ. ಸ್ಪಷ್ಟವಾದುದರ ಬಗ್ಗೆ ಯೋಚಿಸುವ ಅಗತ್ಯವಿಲ್ಲ.

ಜನವರಿ 13, ಬುಧವಾರ

ಹೋದಳು. ಹೊಲಿಗೆ ಯಂತ್ರ ಬೆರ್ನಾತ್‌ನ ಕಿತ್ತಳೆ ಲಾರಿಯಲ್ಲಿ ಹೋಯಿತು. ತಮ್ಮನೊಡನೆ ಅವಳು ಒಂದು ಮಾತೂ ಆಡಲಿಲ್ಲವಂತೆ. 'ದಾರಿಯುದ್ದಕ್ಕೂ ಆಡಲಿಲ್ಲ ಭಾವ' ಎಂದು ಅವನು ಹೇಳುವಾಗ ಹಣೆಯಲ್ಲಿ ಬೆವರಿತ್ತು.

ಜನವರಿ 14, ಗುರುವಾರ

ಪ್ರಾಕ್ಸೆದೆಸ್ ಎಂಬ ಹಕ್ಕಿ ವ್ಯಾಪಾರಿ ಹೆಂಗಸು ಒಳನಾಡಿನ ಬಯಲಿಂದ ಬುಟ್ಟಿಗಳನ್ನು ತಂದಿಳಿಸಿದಳು. ಸಣ್ಣ, ಬೂದುಬಣ್ಣದ, ಬಿಗಿ ಮೈಯ ಕಾಡು ಪಾರಿವಾಳಗಳು. ಪಂದ್ಯಕ್ಕೆ ಬೇಕಾದ್ದು ಇವೇ. ಮನೆಯಲ್ಲಿ ಸಾಕಿದ ದಪ್ಪ ಹಕ್ಕಿ ಹಾರುವ ಮೊದಲು ಯೋಚಿಸುತ್ತದೆ. ಅವಳ ಮಾತು ನಮ್ಮ ಕಡೆಯದಲ್ಲ.

"ಬಾವ್ಯಾಗ ಹುಟ್ಟಿದ ಮರಿ ಅದಾವ್ರಿ ಇವು. ಮನಷ್ಯಾರ ಮಾರಿ ಕಂಡಿಲ್ಲ. ನೀವೂ ಭಾಳ ತೋರಸಬ್ಯಾಡ್ರಿ."

"ಏನನ್ನು?"

"ಮಾರಿ. ಕಾಳು ಒಗದು ಹೊಳ್ಳಿ ಬರ್ರಿ. ಸಲಿಗಿ ಕೊಟ್ರ ಹಕ್ಕಿ ಹಕ್ಕಿಯಾಗಿ ಉಳ್ಯಾಂಗಿಲ್ಲ, ಬೀಗರಾಕ್ಕಾವ."

"ಹೆಣ್ಣು ಗಂಡು?"

"ಎಲ್ಲಾ ಗಂಡ. ನನ್ನ ಮ್ಯಾಲ ಆಣಿ."

ನಮ್ಮ ಅಜ್ಜಂದಿರ ಕಾಲದಲ್ಲಿ ಮಾಳಿಗೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಜೊಂಡಿನ ತಟ್ಟಿಗಳು ಗೋಡೆಗೆ ಇನ್ನೂ ಇವೆ. ಹಕ್ಕಿಗಳು ಅವುಗಳ ಮೇಲೆ ಕೂತು, ಸಾಲಾಗಿ, ನನ್ನನ್ನು ಒಂದೊಂದೇ ಕಣ್ಣಿನಿಂದ ನೋಡಿದವು. ಕಾಳು ಚೆಲ್ಲಿ ಇಳಿದು ಬಂದೆ. ಸರಕು ಬಂದು ಸೇರಿದೆ ಎಂದು ಬೆರ್ನಾತ್‌ಗೆ ತಿಳಿಸಿದೆ.

ಜನವರಿ 21, ಗುರುವಾರ

ಒಂದು ತೊಂದರೆ. ನೆಲದ ಸಂದಿಗಳಲ್ಲಿ ಗುಂಡುಸೂಜಿಗಳು ಉಳಿದಿವೆ. ಹಕ್ಕಿ ನುಂಗಿದರೆ ಸಂಘಕ್ಕೆ ನಷ್ಟ. ಅಂಗಡಿಯ ಅಯಸ್ಕಾಂತ ಹಿಡಿದು ಮೊಣಕಾಲ ಮೇಲೆ ಇಡೀ ಮಾಳಿಗೆ ಸುತ್ತಿದೆ. ಕಿಟಕಿಯ ಪಕ್ಕ ನೆಲದ ಎರಡು ಹೆಂಚುಗಳು ಸವೆದು ತಗ್ಗಾಗಿವೆ. ರೊಸೆರ್ ಸ್ಟೂಲಿನ ಮೇಲೆ ಕೂತು ಕಾಲಿಡುತ್ತಿದ್ದ ಜಾಗ. ಇಷ್ಟು ವರ್ಷ ನಾನು ಮೆಟ್ಟಿಲ ಬುಡದಿಂದ ಊಟದ ವೇಳೆಯನ್ನು ಕೂಗುತ್ತಿದ್ದೆ, ಮೇಲೆ ಬರುವ ಪ್ರಸಂಗ ಬಂದಿರಲಿಲ್ಲ. ಮೊಣಕಾಲೂರಿದ್ದ ಎತ್ತರದಿಂದ ಕಿಟಕಿಯಲ್ಲಿ ಭತ್ತದ ಗದ್ದೆಗಳು, ಅವುಗಳಾಚೆ ಒಂದು ನೀಲಿ ಗೆರೆ ಕಂಡಿತು. ಕನ್ನಡಕ ಒರೆಸಿ ನೋಡಿದೆ. ಸಮುದ್ರ.

ನಮ್ಮ ಮನೆಯಿಂದ ಸಮುದ್ರ ಕಾಣುತ್ತದೆಂದು ತಿಳಿದಿರಲಿಲ್ಲ.

ಫೆಬ್ರವರಿ 2, ಮಂಗಳವಾರ

ಹಕ್ಕಿಗಳನ್ನು ಗುರುತಿಸಲು ಒಂದು ಪದ್ಧತಿ ಬೇಕಾಗಿತ್ತು. ಹೆಸರಿಟ್ಟಿಲ್ಲ, ಕಣ್ಣಿನ ಲಕ್ಷಣ ನೋಡಿ ವಿಂಗಡಿಸಿದ್ದೇನೆ ಅಷ್ಟೆ. ದೂರದ ಕಾಳು ಕಾಣದ್ದು ಹ್ರಸ್ವದೃಷ್ಟಿ. ಹತ್ತಿರದ ಕಾಳನ್ನು ತುಳಿದು ದೂರದ್ದಕ್ಕೆ ಓಡುವುದು ಚಾಳೀಸು. ಒಂದಕ್ಕೆ ಎಡಗಣ್ಣು ಸ್ವಲ್ಪ ಮೂಗಿನ ಕಡೆ, ಅದು ವಾರೆಗಣ್ಣಿ. ನೇರ ಕಾಳಿಗೆ ಕುಕ್ಕಿದರೆ ಕೊಕ್ಕು ಪಕ್ಕದ ಹೆಂಚಿಗೆ ಬೀಳುತ್ತದೆ. ಅದಕ್ಕೆ ಕೈಯಿಂದ ತಿನ್ನಿಸಬೇಕು, ಇಲ್ಲದಿದ್ದರೆ ತೂಕ ಕಡಿಮೆಯಾಗಿ ಪಂದ್ಯಕ್ಕೆ ಅಯೋಗ್ಯವಾಗುತ್ತದೆ.

ಕಾಳು ಹಾಕುವಾಗ ಹತ್ತಿರದ ಕನ್ನಡಕ ಬೇಕು. ಕನ್ನಡಕದ ಉಕ್ಕಿನ ಡಬ್ಬಿ ಟಕ್ ಎಂದ ಕೂಡಲೇ ಎಲ್ಲವೂ ಇಳಿದು ಬರುತ್ತವೆ. 'ಹಕ್ಕಿಗಳಲ್ಲಿ ಶಿಸ್ತು ಬಂದಿದೆ' ಎಂದು ಸಂಘಕ್ಕೆ ವರದಿ ಕೊಟ್ಟೆ.

ಫೆಬ್ರವರಿ 14, ಭಾನುವಾರ

ಮಧ್ಯಾಹ್ನದ ಊಟವನ್ನು ಮಾಳಿಗೆಗೆ ಒಯ್ದಿದ್ದೆ. ಕೆಳಗೆ ಒಬ್ಬನೇ ತಿನ್ನುವಾಗ ಗಡಿಯಾರದ ಸದ್ದು ಹೆಚ್ಚು. ಬಿಸಿಲು ಚೆನ್ನಾಗಿತ್ತೆಂದು ಕಿಟಕಿ ತೆರೆದೆ. ಅಷ್ಟರಲ್ಲಿ ಕೆಳಗೆ ಯಾರೋ ಕರೆದರು. ಮರಳಿ ಬಂದಾಗ ಮಾಳಿಗೆಯಲ್ಲಿ ಒಂದೂ ಹಕ್ಕಿಯಿರಲಿಲ್ಲ.

ಎರಡು ಯೋಚನೆಗಳು ಒಟ್ಟಿಗೆ ಬಂದವು. ಒಂದು: ಬೆರ್ನಾತ್‌ಗೆ ಏನು ಹೇಳಲಿ. ಇನ್ನೊಂದು: ಮಾಳಿಗೆ ಖಾಲಿಯಾಗಿದೆ, ಫೋನ್ ಮಾಡಬಹುದು. ಮಾಡಲಿಲ್ಲ. ಕಿಟಕಿಯಲ್ಲಿ ನಿಂತೆ. ಬೇಕರಿಯ ಮಾಡು, ಇಗರ್ಜಿಯ ಗೋಪುರ, ಆಕಾಶ, ಎಲ್ಲವನ್ನೂ ಎರಡೂ ಕನ್ನಡಕದಲ್ಲಿ ನೋಡಿದೆ. ಸೂರ್ಯ ಇಳಿಯುವ ಹೊತ್ತಿಗೆ ಬಂದವು. ಎಲ್ಲವೂ. ವಾರೆಗಣ್ಣಿ ಮೊದಲು ಪಕ್ಕದ ಮನೆಯ ಕಿಟಕಿಗೆ ಹೋಗಿ, ಆಮೇಲೆ ನಮ್ಮಲ್ಲಿಗೆ ಬಂತು.

ಬಾರಿನಲ್ಲಿ ಬೆರ್ನಾತ್ ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡ್ರಪ್ಪ, ಭಾವ ಹೊರಗೆ ಬಿಟ್ಟು ಮತ್ತೆ ಕರಕೊಂಡು ಬಂದಿದಾರೆ. ಒಂದೂ ಕಳೆದಿಲ್ಲ. ಇದು ಕಾರ್ಯದರ್ಶಿತನ ಅಂದ್ರೆ."

ಈಗ ದಿನವೂ ಬಿಡುತ್ತೇನೆ. ರೆಕ್ಕೆಗೆ ವ್ಯಾಯಾಮ ಬೇಕು.

ಫೆಬ್ರವರಿ 20, ಶನಿವಾರ

ಗಾಸ್ಪಾರ್ ತಪಾಸಣೆಗೆ ಬಂದ. ಗವಸು ತೆಗೆದ. ಎಲ್ಲ ಹಕ್ಕಿಗಳನ್ನೂ ಹಿಂದಿನಿಂದ ನೋಡಿದ, ಮುಂದಿನಿಂದ ಒಂದನ್ನೂ ನೋಡಲಿಲ್ಲ.

"ಬಾಲ ಅಂದ್ರೆ ಇದು ಕಣೋ ಎಲಿಸೆವ್. ಚುಕ್ಕಾಣಿ ಇದ್ದಂಗಿದೆ. ಕೀಳೋಕೆ ಕೈ ಕಡೀತಿದೆ." ಅಷ್ಟರಲ್ಲಿ ಚಾಳೀಸು ಹಾರಿ ಬಂದು ಅವನ ತೋಳ ಮೇಲೆ ಕೂತಿತು. ಅವನು ಕೊಡವಿದ. ಅದು ಭುಜಕ್ಕೆ ಹೋಯಿತು.

"ಇದ್ಯಾಕೆ ಹೋಗ್ತಿಲ್ಲ?"

"ನಿನ್ನ ಕೈ ಹಿಡಿಸಿರಬೇಕು," ಎಂದೆ.

ಅವನು ತನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡ. "ಇರಬಹುದು," ಎಂದ.

ಮಾರ್ಚ್ 8, ಸೋಮವಾರ

ಫೋನ್ ಮಾಡಬಾರದೆಂದು ರೊಸೆರ್ ಹೇಳಿದ್ದಾಳೆ. ಆದ್ದರಿಂದ ಲಿಯೊಕಾದಿಯಾಗೆ ಮಾಡಿದೆ.

"ಅಕ್ಕ ಹೊಲೀತಿದಾಳೆ. ಏನು ಹೇಳ್ಲಿ ಭಾವ?"

"ಮಾಳಿಗೆ ಕಿಟಕಿಯಿಂದ ಸಮುದ್ರ ಕಾಣತ್ತೆ ಅಂತ ಹೇಳು."

ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತಿತ್ತು.

"ಅದು ಅವಳಿಗೆ ಗೊತ್ತಿಲ್ವಾ?"

"ಗೊತ್ತಿರತ್ತೆ. ಆದ್ರೂ ಹೇಳು."

"ಹಕ್ಕಿ ಹೋದ್ವಾ?"

"ಇಪ್ಪತ್ತೆಂಟಕ್ಕೆ ಹೋಗ್ತವೆ."

"ಹಾಗಾದ್ರೆ ಇಪ್ಪತ್ತೆಂಟಕ್ಕೆ ಮಾಡಿ," ಎಂದು ಇಟ್ಟಳು. ಯಂತ್ರದ ಸದ್ದು ಮಧ್ಯೆ ನಿಂತಿತ್ತೇ ಎಂದು ಈಗ ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ.

ಮಾರ್ಚ್ 19, ಶುಕ್ರವಾರ

ಫಾಲ್ಯೆಸ್ ಹಬ್ಬ ಮುಗಿಯಿತು. ನಾಲ್ಕು ದಿನ ಬೀದಿಬೀದಿಯಲ್ಲಿ ಗರ್ನಾಲು, ಪಟಾಕಿ. ಮೊದಲ ದಿನ ಹಕ್ಕಿಗಳು ಗೋಡೆಗೆ ಬಡಿದುಕೊಂಡವು. ನಾನು ಹೋಗಿ ನಡುವೆ ಕುಳಿತೆ. ಕೆಳಗೆ ಸದ್ದು ಇನ್ನೂ ಹೆಚ್ಚೆಂದು ಅನ್ನಿಸಿತ್ತು. ಒಂದೊಂದು ಗರ್ನಾಲು ಹಾರಿದಾಗಲೂ ಒಂದು ಹಿಡಿ ಬಟಾಣಿ ಚೆಲ್ಲಿದೆ. ಇವತ್ತು ಕಿಟಕಿಯ ಕೆಳಗೇ ಸರ ಸಿಡಿಯಿತು, ಗಾಜು ಅದುರಿತು. ಹಕ್ಕಿಗಳು ನನ್ನ ಕೈ ನೋಡಿದವು. ಮದ್ದಿನ ಸದ್ದಿಗೂ ಅಂಜದ ಹಕ್ಕಿಗಳು ಆಚೆ ಊರಿನವರಿಗೆ ಜನ್ಮದಲ್ಲಿ ಸಿಕ್ಕಿರಲಾರವು.

ಮಾರ್ಚ್ 27, ಶನಿವಾರ

ಬುಟ್ಟಿಗೆ ತುಂಬಿದೆವು. ಡಬ್ಬಿ ಟಕ್ ಎನ್ನಿಸಿದೆ, ತಾವಾಗಿಯೇ ಒಳಗೆ ಹೋದವು. ಬೆರ್ನಾತ್ ಇಂಥ ಹಕ್ಕಿಗಳನ್ನು ಕಂಡೇ ಇಲ್ಲವಂತೆ.

ಹ್ರಸ್ವದೃಷ್ಟಿ ರೊಸೆರ್‌ಳ ಹಳೆಯ ಟೋಪಿ ಪೆಟ್ಟಿಗೆಯಲ್ಲಿ ಎರಡು ಮೊಟ್ಟೆಯ ಮೇಲೆ ಕೂತಿದೆ. ಎಲ್ಲಾ ಗಂಡು ಎಂಬ ಪ್ರಾಕ್ಸೆದೆಸ್‌ಳ ಆಣೆ ಹೀಗಾಯಿತು. ಕಾವಿಗೆ ಕೂತ ಹಕ್ಕಿ ಚೆನ್ನಾಗಿ ಹಾರುವುದಿಲ್ಲ, ಆದ್ದರಿಂದ ಅದನ್ನು ಕೈಬಿಟ್ಟೆ. ಅದರ ಜೊತೆಗಾರ ಚಾಳೀಸನ್ನೂ. ತಾಂತ್ರಿಕ ಕಾರಣ.

ವಾರೆಗಣ್ಣಿಯನ್ನು ಬಿಡಲು ತಾಂತ್ರಿಕ ಕಾರಣ ಸಿಗಲಿಲ್ಲ. ತೂಕ ಸರಿಯಾಗಿದೆ.

ಮಾರ್ಚ್ 28, ಭಾನುವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಕಿತ್ತಳೆ ತೋಟದ ಅಂಚಿನ ಬಯಲಿನಲ್ಲಿ ಸುಣ್ಣದ ವೃತ್ತ ಎಳೆದಿದ್ದರು. ಹೊಡೆದ ಹಕ್ಕಿ ಅದರೊಳಗೆ ಬಿದ್ದರೆ ಹೊಡೆದವರಿಗೆ ಅಂಕ, ತಪ್ಪಿಸಿಕೊಂಡರೆ ಎಸೆದವರಿಗೆ. ಗುರಿಕಾರನ ಬೆನ್ನ ಹಿಂದೆ ನನ್ನ ಮೇಜು. ಪಕ್ಕದಲ್ಲಿ ಆಚೆ ಊರಿನ ಪಂಚ ಸಾಲ್ವಿ, ಹೊಸ ಟೋಪಿ ಹಾಕಿದ್ದ. ಹಿಂದಕ್ಕೆ ಗುರಿಯಿಡಬಾರದೆಂಬುದು ನಿಯಮ. ಹಿಂದೆ ಜನ ಇರುತ್ತಾರೆ. ದೂರದಲ್ಲಿ ಕಿತ್ತಳೆ ಸೌದೆಯ ಮೇಲೆ ಊರಗಲದ ಬಾಣಲೆಯಲ್ಲಿ ಅನ್ನಕ್ಕೆ ಎಣ್ಣೆ ಕಾಯುತ್ತಿತ್ತು, ಬೀಳುವ ಹಕ್ಕಿಗಳಿಗಾಗಿ.

ಮೊದಲ ಹಕ್ಕಿ ಗಾಸ್ಪಾರ್‌ನ ಕೈಯಿಂದ ಚಿಮ್ಮಿ, ಎರಡು ಸಲ ಹೊರಳಿ, ತೋಟದ ಮೇಲಿಂದ ಹೋಯಿತು. ಆಚೆಯವನ ಎರಡು ಗುಂಡೂ ವ್ಯರ್ಥ. ನಮ್ಮವರು ಚಪ್ಪಾಳೆ ತಟ್ಟಿದರು. "ಇದಪ್ಪಾ ಹಕ್ಕಿ," ಎಂದ ಬೆರ್ನಾತ್.

ಎರಡನೆಯದು ವಾರೆಗಣ್ಣಿ. ವೃತ್ತದೊಳಗೆ ಬಿತ್ತು. ಅಂಕ ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿದೆ.

ಆಮೇಲೆ ಮದ್ದಿನ ಹೊಗೆಯಿಂದ ಕಣ್ಣಿಗೆ ನೀರು ಬರತೊಡಗಿತು. ಅಲ್ಲಿಯವರೆಗೆ ಕನ್ನಡಕದ ಮೇಲಿಂದ ನೋಡಿ ಸಂಭಾಳಿಸುತ್ತಿದ್ದೆ. ಈಗ ಬಯಲಿಗೆ ದೂರದ್ದು, ಬರೆಯಲು ಹತ್ತಿರದ್ದು, ಒರೆಸಲು ಬಟ್ಟೆ, ಹೀಗೆ ಮೇಲಿಂದ ಮೇಲೆ ಡಬ್ಬಿ ತೆಗೆದು ಮುಚ್ಚಬೇಕಾಯಿತು.

ಮೂರನೆಯ ಹಕ್ಕಿ ಮೇಲೆದ್ದು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಗುರಿಕಾರನ ಭುಜ ದಾಟಿ ಹಿಂದಕ್ಕೆ ಬಂದು ನನ್ನ ಮೇಜಿನ ಮೇಲೆ ಇಳಿಯಿತು. ಬಾಲವಿಲ್ಲದ್ದರಿಂದ ಇಳಿಯುವಾಗ ಸ್ವಲ್ಪ ಮುಗ್ಗರಿಸಿತು. ನಾಲ್ಕನೆಯದೂ ಬಂತು. ಐದನೆಯದಕ್ಕೆ ಮೇಜಿನಲ್ಲಿ ಜಾಗವಿರಲಿಲ್ಲ, ಸಾಲ್ವಿಯ ಟೋಪಿಯ ಮೇಲೆ ಕೂತಿತು. ಗುಂಡಿನ ಸದ್ದಾದಾಗಲೆಲ್ಲ ಅವು ಬಟಾಣಿಗೆಂದು ನನ್ನ ಕೈ ನೋಡುತ್ತಿದ್ದವು.

ಸಾಲ್ವಿ ಕತ್ತು ಅಲುಗಿಸದೆ ಕೇಳಿದ: "ಕಾರ್ಯದರ್ಶಿಗಳೇ, ಹೋದ ವರ್ಷ ನಿಮ್ಮ ಹಕ್ಕಿಗೆ ಬೂಟು ಬೇಕಿತ್ತು. ಈ ವರ್ಷ ಕುರ್ಚಿ ಹಾಕಿಸಬೇಕೇನು?"

"ದಣಿದಿರಬೇಕು," ಎಂದೆ.

"ದಣಿದಿರೋದು ನಾವು. ಅದಿರಲಿ, ಆ ಡಬ್ಬೀನ ಇನ್ನೊಂದ್ಸಲ ಮುಚ್ಚಿ ನೋಡೋಣ."

ಮುಚ್ಚಿದೆ. ಟಕ್. ಎಸೆಯದೆ ಉಳಿದಿದ್ದ ಬುಟ್ಟಿಗಳೆಲ್ಲ ಒಮ್ಮೆಗೇ ಅಲುಗಾಡಿದವು. ಒಂದು ಬುಟ್ಟಿ ಉರುಳಿ ನನ್ನ ಕಡೆ ಎರಡು ಮೊಳ ಬಂತು.

ಬೆರ್ನಾತ್ ಮೇಜಿನ ಹತ್ತಿರ ಬಂದು ಕೈ ಚಾಚಿದ. "ಭಾವ. ಡಬ್ಬಿ."

"ಇದಿಲ್ಲದೆ ಬರೆಯೋಕಾಗಲ್ಲ."

"ಬರೀಬೇಡಿ. ಕೊಡಿ."

ಕೊಟ್ಟೆ. ಮರ್ಯಾದೆ ಉಳಿಸಲು ಮುಂದಿನ ಹಕ್ಕಿಯನ್ನು ತಾನೇ ಹೊಡೆಯುತ್ತೇನೆಂದು ಅವನು ಬಂದೂಕು ತೆಗೆದುಕೊಂಡ. ಗಾಸ್ಪಾರ್ ಗರಿ ಕಿತ್ತ, ಎಸೆದ, ಬೋರಲು ಬಿದ್ದ. ಹಕ್ಕಿ ಒಂದು ಸುತ್ತು ಹಾಕಿತು. ಡಬ್ಬಿಯ ಸದ್ದು ಕೇಳದ್ದರಿಂದ ಗೊಂದಲವಾಗಿರಬೇಕು. ಹೋಗಿ ಗಾಸ್ಪಾರ್‌ನ ಬೆನ್ನ ಮೇಲೆ ಕೂತು ರೆಕ್ಕೆ ಬಡಿಯಿತು. ಬೆರ್ನಾತ್ ರೆಕ್ಕೆಯ ಚಲನೆಯನ್ನು ಹಿಡಿದು ಬಂದೂಕಿನ ಗುರಿಯನ್ನು ಆ ಬೆನ್ನಿನತ್ತ ಇಳಿಸಿದ.

"ಬೆರ್ನಾತ್," ಎಂದು ನೆಲದಿಂದ ದನಿ ಬಂತು, "ಇದು ನಾನು ಕಣೋ."

"ಯಾರು?"

ಆಗ ನಾನು ಎದ್ದು ನಿಂತು ಪಂದ್ಯ ನಿಲ್ಲಿಸಿ ಎಂದೆ. ಅಧ್ಯಕ್ಷರಿಗೆ ಬಲಗಣ್ಣು ಕಾಣುವುದಿಲ್ಲ ಎಂದೂ ಹೇಳಿದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿತ್ತಂತೆ ನನ್ನ ದನಿ. ವೃತ್ತಿಯಲ್ಲಿ ಒಬ್ಬರ ಕಣ್ಣಿನ ವಿಷಯ ಇನ್ನೊಬ್ಬರಿಗೆ ಹೇಳಿದ್ದು ಇದೇ ಮೊದಲು. ಬೆರ್ನಾತ್ ಬಂದೂಕು ಕೆಳಗಿಳಿಸಿ ನನ್ನ ಕಡೆ ತಿರುಗಿದ, ನಾನು ನಿಂತ ಜಾಗಕ್ಕಿಂತ ಸ್ವಲ್ಪ ಎಡಕ್ಕೆ ನೋಡುತ್ತ.

ಗಲಾಟೆಯಲ್ಲಿ ಉಳಿದ ಬುಟ್ಟಿಗಳ ಮುಚ್ಚಳ ತೆರೆದುಕೊಂಡವು. ಯಾರು ತೆರೆದರೋ ಗೊತ್ತಿಲ್ಲ. ನನ್ನ ಬೆರಳಿಗೆ ಬುಟ್ಟಿಯ ಜೊಂಡು ಗೀರಿದೆ. ಹಕ್ಕಿಗಳು ಗೋಪುರದ ಕಡೆ, ಅಂದರೆ ನಮ್ಮ ಮನೆಯ ಕಡೆ, ಗುಂಪಾಗಿ ಹೋದವು. ಆಚೆ ಊರಿನವರು ಹಕ್ಕಿಯ ಬದಲು ಬಸವನಹುಳು ಹಾಕಿದ ಅನ್ನ ತಿಂದು, ಎರಡೆರಡು ಸಲ ಬಡಿಸಿಕೊಂಡು, ಹಾಡುತ್ತ ಹೊಳೆ ದಾಟಿದರು. ಹಾಡಿನಲ್ಲಿ ನನ್ನ ಹೆಸರಿತ್ತು.

ಮನೆಗೆ ಬಂದು ಮಾಳಿಗೆ ಹತ್ತಿದೆ. ಎಲ್ಲರೂ ಬಂದಿದ್ದರು. ಒಬ್ಬಳನ್ನು ಬಿಟ್ಟು.

ಇಪ್ಪತ್ತೆಂಟನೇ ತಾರೀಖು. ಫೋನ್ ಮಾಡಿದೆ. ಲಿಯೊಕಾದಿಯಾ ಎತ್ತಿದಳು.

"ಹಕ್ಕಿ ಹೋದ್ವಾ ಭಾವ?"

"ಹೋದವು. ಮತ್ತೆ ಬಂದವು."

"ಅಂದ್ರೆ ಹೋದ್ವೋ ಇಲ್ವೋ?"

ವಾರೆಗಣ್ಣಿ ಬರಲಿಲ್ಲ ಎಂದೆ. ಹಿಂದಿನಿಂದ ರೊಸೆರ್‌ಳ ದನಿ ಏನೋ ಕೇಳಿತು. ಲಿಯೊಕಾದಿಯಾ ಬಾಯಿಗೆ ಕೈ ಅಡ್ಡ ಹಿಡಿದು, "ವಾರೆಗಣ್ಣಿ ಅಂತ ಯಾವುದೋ ಬರಲಿಲ್ವಂತೆ, ಅಳ್ತಿದಾರೆ," ಎಂದಳು. ಅದು ತಪ್ಪು. ಮದ್ದಿನ ಹೊಗೆ ಇನ್ನೂ ಕಣ್ಣಿನಲ್ಲಿತ್ತು.

ಮಾರ್ಚ್ 29, ಸೋಮವಾರ

ಬೆರ್ನಾತ್ ಅಂಗಡಿಗೆ ಬಂದ. ಕೂರಲಿಲ್ಲ.

"ಆಚೆಯವರು ಮುಂದಿನ ತಿಂಗಳು ಇನ್ನೊಂದು ಪಂದ್ಯ ಕೊಡ್ತಾರಂತೆ. ಹೊಸ ಹಕ್ಕಿ ತರಿಸ್ತೀನಿ. ಸಂಜೆ ಇಬ್ಬರನ್ನ ಕಳಿಸ್ತೀನಿ ಭಾವ, ಇವುಗಳ ಕತ್ತು ತಿರುವಿ ಮುಗಿಸ್ತಾರೆ. ಮಾಳಿಗೇನೂ ಖಾಲಿ ಆಗತ್ತೆ, ಅಕ್ಕನೂ ಬರ್ತಾಳೆ."

ಲೆಕ್ಕ ಸರಿಯಾಗಿತ್ತು. ಇನ್ನು ಒಂದು ಸಂಜೆಯ ಕೆಲಸ, ಆಮೇಲೆ ರೊಸೆರ್ ಮನೆಯಲ್ಲಿರುತ್ತಾಳೆ.

"ಮಾಳಿಗೆಗೆ ಬೀಗ ಹಾಕಿದೆ," ಎಂದೆ.

"ಬೀಗದ ಕೈ?"

"ನಿನ್ನ ಅಕ್ಕನ ಹತ್ರ ಇದೆ. ಬೇಕಾದ್ರೆ ಕೇಳು."

ಅವನು ಕಾಣುವ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದ. ಅಕ್ಕನನ್ನು ಕೇಳುವ ಧೈರ್ಯ ಅವನಿಗಿಲ್ಲ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಹೋಗುವಾಗ, ವಲೆನ್ಸಿಯಾದ ಕಣ್ಣಿನ ಡಾಕ್ಟರ ವಿಳಾಸ ಕೇಳಿ ಬರೆಸಿಕೊಂಡ.

ಏಪ್ರಿಲ್ 6, ಮಂಗಳವಾರ

ವಾರವಿಡೀ ಅಂಗಡಿ ಮುಚ್ಚಿದ್ದೆ. ಜೊಂಡಿನ ತಟ್ಟಿಗಳನ್ನು ಬಿಚ್ಚಿ, ಮನೆಯ ಕೆಳಗೇ ಇರುವ ಅಂಗಡಿಯ ಹಿಂದೆ ನಾನು ಕಣ್ಣು ಪರೀಕ್ಷಿಸುವ ಉದ್ದನೆಯ ಕೋಣೆಗೆ ತಂದು ಹೊಡೆದೆ. ಹಿತ್ತಿಲ ಕಡೆ ಅದಕ್ಕೊಂದು ಕಿಟಕಿಯಿದೆ. ಟೋಪಿ ಪೆಟ್ಟಿಗೆಯನ್ನು ಅಲುಗಿಸದೆ ಇಳಿಸುವುದಕ್ಕೇ ಒಂದು ಬೆಳಿಗ್ಗೆ ಹಿಡಿಯಿತು, ಹ್ರಸ್ವದೃಷ್ಟಿ ಏಳಲಿಲ್ಲ. ಉಳಿದವು ಕೆಲವು ದಿನ ಮಾಳಿಗೆಯ ಮುಚ್ಚಿದ ಗಾಜಿಗೆ ಹೊರಗಿನಿಂದ ಕೊಕ್ಕು ತಾಗಿಸಿ ಕೂತವು. ಆಮೇಲೆ ಒಂದೊಂದಾಗಿ ಇಳಿದು ಹಿತ್ತಿಲಿನಿಂದ ಒಳಗೆ ಬಂದವು.

ಮಾಳಿಗೆಯನ್ನು ತೊಳೆದು ಸುಣ್ಣ ಹೊಡೆದೆ. ಸವೆದ ಹೆಂಚುಗಳನ್ನು ಬದಲಿಸಲು ಗಾರೆಯವನು ಕೇಳಿದ, ಬೇಡವೆಂದೆ. ಗಾಜು ಒರೆಸಿದ ಮೇಲೆ ಸಮುದ್ರ ಸ್ವಲ್ಪ ದಪ್ಪವಾಗಿ ಕಾಣುತ್ತಿದೆ. ಮಾಳಿಗೆ ಖಾಲಿಯಾಗಿದೆ. ನಾಳೆ ಬೆಳಿಗ್ಗೆ ಫೋನ್ ಮಾಡಬಹುದು. ಏನು ಹೇಳಬೇಕೆಂದು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ.

ಪರೀಕ್ಷೆಯ ಕುರ್ಚಿ ಸದ್ಯಕ್ಕೆ ಅಡುಗೆಮನೆಯಲ್ಲಿದೆ. ಆದರೆ ಅಕ್ಷರದ ಹಲಗೆಗೂ ಕಣ್ಣಿಗೂ ಬೇಕಾದ ದೂರ ಅಲ್ಲಿ ಸಿಗುವುದಿಲ್ಲ; ಒಲೆ ಅಡ್ಡ ಬರುತ್ತದೆ. ಈ ಮನೆಯಲ್ಲಿ ಅಷ್ಟು ಉದ್ದ ಇನ್ನೊಂದೇ ಕಡೆ ಇದೆ. ರೊಸೆರ್, ನಿನ್ನ ಮಾಳಿಗೆಯಲ್ಲಿ, ಕಿಟಕಿಯ ಬೆಳಕಿಗೆ ಅಡ್ಡವಾಗದ ಹಾಗೆ ಒಂದು ಮೂಲೆಯಲ್ಲಿ, ಆ ಕುರ್ಚಿ ಹಾಕಿಕೊಳ್ಳಲೇ?